ಹಿಟ್ಟಿನ ಗಿರಣಿಯ ಮೇಲಿನ ತುಂಗಾ

ಹೋದ ವಾರ ಮುಂಬಯಿ ಹತ್ತಿರದ ನೆರೂಳಿನ ನಮ್ಮ ಸೆಕ್ಟರಿನ ಲ್ಯಾಬಿನಲ್ಲಿ ಸಕ್ಕರೆಯ ಪರೀಕ್ಷೆಗೆಂದು ತೋಳು ಚಾಚಿ ಕುಳಿತಿದ್ದೆ. ಅಲ್ಲಿಯ ಹುಡುಗಿ ಹತ್ತಿಯನ್ನು ಸ್ಪಿರಿಟ್ಟಿನಲ್ಲಿ ಅದ್ದಿ ತೋಳಿಗೆ ಒರೆಸಿದಳು. ಆಮೇಲೆ ಸೂಜಿ ಚುಚ್ಚಿದ್ದು ನನಗೆ ತಿಳಿಯಲೇ ಇಲ್ಲ. ಧೈರ್ಯಶಾಲಿ ಎಂದುಕೊಳ್ಳಬೇಡಿ. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ನಲವತ್ತು ವರ್ಷ ಹಿಂದಿನ ಡೊಂಬಿವಲಿಗೆ ಹೊರಟುಹೋಗಿದ್ದೆ. “ಅಂಕಲ್, ಹೋ ಗಯಾ” ಎಂದು ಅವಳು ಎರಡು ಸಲ ಹೇಳಬೇಕಾಯಿತು.

ನಾನು ಒಂದು ಕಾಲದಲ್ಲಿ ಕ್ಯಾನ್ಸರ್ ಸಂಶೋಧನೆ ಮಾಡಿದವನು. ಈ ಮಾತನ್ನು ಮನೆಯಲ್ಲಿ ಹೇಳಿದರೆ ಯಾರೂ ಪತ್ರಿಕೆಯಿಂದ ತಲೆ ಎತ್ತುವುದಿಲ್ಲ; ಅದಕ್ಕೇ ನಿಮ್ಮ ಮುಂದೆ ಹೇಳುತ್ತಿದ್ದೇನೆ. ಸಂಶೋಧನೆಯಲ್ಲಿ ನನ್ನ ಪಾಲಿಗೆ ಬಂದದ್ದು ಒಂದು ಮಡಚುವ ಮೇಜು, ಒಂದು ಕಟ್ಟು ಕಾರ್ಡು ಮತ್ತು ಪೆನ್ಸಿಲ್. ಅಸೂಯೆಯುಳ್ಳವರು ಇದನ್ನು ಗುಮಾಸ್ತಗಿರಿ ಎನ್ನುತ್ತಾರೆ.

ಎಂಬತ್ತರ ದಶಕದ ಆರಂಭ. ಮುಂಬಯಿಯ ಒಂದು ದೊಡ್ಡ ಆಸ್ಪತ್ರೆಯಲ್ಲಿ ಹೆಂಗಸರ ಗರ್ಭಕೋಶದ ಬಾಯಿಗೆ ಬರುವ ಕ್ಯಾನ್ಸರಿನ ಬಗ್ಗೆ ಒಂದು ಸಂಶೋಧನಾ ಯೋಜನೆ ನಡೆದಿತ್ತು. ಕನ್ನಡ, ಮರಾಠಿ ಎರಡೂ ಬಲ್ಲವನು ಬೇಕಾಗಿದ್ದ. ನಾನು ಉಡುಪಿಯ ಕಡೆಯಿಂದ ಬಂದು ಡೊಂಬಿವಲಿಯ ಒಂದು ಖೋಲಿಯಲ್ಲಿ ಇನ್ನು ಮೂವರ ಜೊತೆ ಇದ್ದ ಇಪ್ಪತ್ತಾರರ ಬ್ರಹ್ಮಚಾರಿ. ಗರ್ಭಕೋಶ ಎಂಬ ಪದವನ್ನು ಅಲ್ಲಿಯವರೆಗೆ ಶಾಲೆಯ ಪುಸ್ತಕದಲ್ಲಿ ಮಾತ್ರ, ಅದೂ ಮೇಷ್ಟ್ರು ಹಾರಿಸಿಬಿಟ್ಟ ಪಾಠದಲ್ಲಿ, ಕಂಡಿದ್ದೆ. ಊರಿಗೆ ಬರೆದ ಕಾಗದದಲ್ಲಿ “ದೊಡ್ಡ ಡಾಕ್ಟರರ ಕೈಕೆಳಗೆ ಕೆಲಸ” ಎಂದು ಬರೆದೆ. ಯಾವ ಡಾಕ್ಟರು, ಯಾವ ರೋಗ ಎಂಬುದನ್ನು ಅಂಚೆ ಇಲಾಖೆಯ ಮರ್ಯಾದೆ ಕಾಯಲೆಂದು ಬಿಟ್ಟೆ.

ಯೋಜನೆಯ ಮುಖ್ಯಸ್ಥೆ ಒಬ್ಬ ಪಾರ್ಸಿ ಡಾಕ್ಟರ್ ಬಾಯಿ. ಮದುವೆಯಾಗಿರಲಿಲ್ಲ, ಸೂಕ್ಷ್ಮದರ್ಶಕವೇ ಸಂಸಾರ. ನನ್ನನ್ನು “ಡಿಕ್ರಾ” ಎಂದು ಕರೆಯುತ್ತಿದ್ದರು, ಅಂದರೆ ಮಗನೇ ಎಂದು. ಮೊದಲ ದಿನವೇ ಅವರು ಕೂರಿಸಿಕೊಂಡು ಹೇಳಿದ್ದನ್ನು ನನ್ನ ಮಾತಿನಲ್ಲಿ ಹೇಳುವುದಾದರೆ ಹೀಗೆ: ಈ ರೋಗ ಕಳ್ಳನಂತೆ ಒಮ್ಮೆಲೇ ನುಗ್ಗುವುದಿಲ್ಲ. ಸಂಕೋಚದ ನೆಂಟನಂತೆ ಹೊಸ್ತಿಲಲ್ಲಿ ವರ್ಷಗಟ್ಟಲೆ ನಿಂತಿರುತ್ತದೆ. ಅಲ್ಲಿರುವಾಗಲೇ ಕಂಡುಹಿಡಿದರೆ ಒಂದು ಸಣ್ಣ ಶಸ್ತ್ರಕ್ರಿಯೆಯಲ್ಲಿ ಸಾಗಹಾಕಬಹುದು. ಒಳಗೆ ಬಂದು ಕಾಲು ಚಾಚಿತೋ, ಆಮೇಲೆ ವಿಕಿರಣ, ರೇಡಿಯಂ, ದೇವರು. ಹಾಗಾಗಿ ಏನೂ ತೊಂದರೆಯಿಲ್ಲದ ಹೆಂಗಸರನ್ನೇ ಪರೀಕ್ಷಿಸಬೇಕು. ಮರದ ಚಪ್ಪಟೆ ಕಡ್ಡಿಯಿಂದ ಹಗುರಾಗಿ ಸವರಿ, ಗಾಜಿನ ಪಟ್ಟಿಗೆ ಬಳಿದು, ಸ್ಪಿರಿಟ್ಟಿನಲ್ಲಿ ಅದ್ದಿಟ್ಟರೆ ಆಯಿತು. ನೋವಿಲ್ಲ, ರಕ್ತವಿಲ್ಲ.

ಏನೂ ತೊಂದರೆಯಿಲ್ಲದ ಹೆಂಗಸರು ಇಂಥದಕ್ಕೆ ಬರಬೇಕಲ್ಲ! ಅಲ್ಲಿ ನಮ್ಮನ್ನು ಕಾಪಾಡಿದವರು ಡೊಂಬಿವಲಿಯ ಕನ್ನಡ ಮಹಿಳಾ ಮಂಡಳದ ಇಂದಿರಾಬಾಯಿ. ಧಾರವಾಡದವರು, ನಿವೃತ್ತ ಶಿಕ್ಷಕಿ. ಅವರು ಭಾನುವಾರ ಮಧ್ಯಾಹ್ನ ಅರಿಶಿನ-ಕುಂಕುಮಕ್ಕೆ ಎಲ್ಲರನ್ನೂ ಕರೆದು, ಕೋಸಂಬರಿ ಕೈಗಿಟ್ಟು, ಪರೀಕ್ಷೆ ನಡೆಯುತ್ತಿದ್ದ ಪರದೆಯತ್ತ ಬೆರಳು ತೋರಿಸುತ್ತಿದ್ದರು. “ಹೋಗ್ರೆವಾ, ಮಕ್ಕಳನ್ನ ಹಡದಾವ್ರು ಇದಕ್ಕೇನ ಅಂಜತೀರಿ? ನಾ ಮೊದಲ ಮಾಡಿಸಿಕೊಂಡ ಬಂದೇನಿ. ಹೋಗ್ರಿ, ಇಲ್ಲಂದ್ರ ಎರಡನೇ ಸಲ ಕೋಸಂಬರಿ ಇಲ್ಲ.”

ಪರದೆಯ ಈಚೆ ನನ್ನ ಮೇಜು. ಮೊದಲ ಶಿಬಿರದಲ್ಲಿ ನಾನು “ತಮ್ಮ ಹೆಸರು, ವಿಳಾಸ ತಿಳಿಸುವಿರಾ?” ಎಂದು ಕೇಳಿದ್ದನ್ನು ಕೇಳಿ ಇಂದಿರಾಬಾಯಿ ಹಣೆ ಹಿಡಿದುಕೊಂಡರು. “ನಿಮ್ಮ ಈ ಪುಸ್ತಕದ ಭಾಷಾ ಕೇಳಿದ್ರ ಕೋರ್ಟಿಗೆ ಬಂದೇವಿ ಅಂತ ತಿಳೀತಾರ್ರೀ. ‘ಅಕ್ಕಾರ, ಹೆಸರೇನ್ರಿ?’ ಅನ್ರಿ, ತವರಮನಿಯಾವರು ಕೇಳಿಧಂಗ.” ಒಂದು ವಾರ ಖೋಲಿಯಲ್ಲಿ ಕನ್ನಡಿಯ ಮುಂದೆ ಅಭ್ಯಾಸ ಮಾಡಿದೆ. ಜೊತೆಗಿದ್ದವರು ಹುಡುಗಿ ಗೊತ್ತಾಗಿದೆ ಎಂದು ತಿಳಿದರು.

ಕಾರ್ಡಿನಲ್ಲಿ ಗಂಡನ ಹೆಸರಿಗೂ ಒಂದು ಜಾಗವಿತ್ತು. ಧಾರವಾಡದ ಕಡೆಯ ಹೆಂಗಸರು ಗಂಡನ ಹೆಸರನ್ನು ಬರಿದೇ ಹೇಳುವುದಿಲ್ಲ, ಒಡಪು ಕಟ್ಟಿ ಹೇಳುತ್ತಾರೆ. “ದಿವಾ ಸ್ಟೇಷನ್ ದಾಟಿ ಬಂತು ಲೋಕಲ್ ಗಾಡಿ, ರಾಘವೇಂದ್ರರಾಯರು ಇಳಿದರು ಬೆವರಿ ಬಾಡಿ!” ಸಾಲಿನಲ್ಲಿದ್ದವರು ಗೊಳ್ಳೆನ್ನುವರು. ಒಬ್ಬರು ಹೇಳಿದರೆ ಮುಂದಿನವರಿಗೆ ಅದಕ್ಕಿಂತ ಚೆನ್ನಾಗಿರಬೇಕು. ಹೀಗಾಗಿ ವೈದ್ಯಶಾಸ್ತ್ರ ಮೆಲ್ಲಗೆ ಮುಂದುವರಿಯುತ್ತಿತ್ತು. ನಾಚುವವರ ಪರವಾಗಿ ಇಂದಿರಾಬಾಯಿಯೇ ಹೆಸರು ಹೇಳುತ್ತಿದ್ದರು.

ಸೋಮವಾರ ಬೆಳಿಗ್ಗೆ ಆ ಗಾಜಿನ ಪಟ್ಟಿಗಳನ್ನು ಸ್ಪಿರಿಟ್ಟಿನ ಬಾಟಲಿಗಳಲ್ಲಿ ಮುಳುಗಿಸಿ, ಬಾಟಲಿಗಳನ್ನು ಊಟದ ಡಬ್ಬಿಯಲ್ಲಿಟ್ಟು ಆಸ್ಪತ್ರೆಗೆ ಒಯ್ಯುತ್ತಿದ್ದೆ. ಲೋಕಲ್ಲಿನ ನೂಕುನುಗ್ಗಲಲ್ಲಿ ಕಲ್ಯಾಣದ ಕನ್ನಡಿಗರೊಬ್ಬರು ನನ್ನತ್ತ ಬಾಗಿ ಮೂಸಿ, “ಏನ್ರೀ, ಬೆಳಿಗ್ಗೇನ ಸುರು?” ಎಂದರು. “ಸಂಶೋಧನೆ” ಎಂದೆ. “ನಾನೂ ಮೊದಲು ಹಾಂಗ ಅಂತಿದ್ದೆ” ಎಂದು ಅವರು ಮರುಕದಿಂದ ನನಗೆ ಕೂರಲು ಜಾಗ ಬಿಟ್ಟುಕೊಟ್ಟರು.

ಒಂದು ದಿನ ಡಾಕ್ಟರ್ ಬಾಯಿ ಸೂಕ್ಷ್ಮದರ್ಶಕದಿಂದ ಕಣ್ಣು ತೆಗೆಯದೆ, “ಡಿಕ್ರಾ, ಯೆ ಸ್ಲೈಡ್ ಅಚ್ಛಾ ನಹೀಂ ಹೈ. ಈಕೆಯನ್ನು ಕರೆದುಕೊಂಡು ಬಾ” ಎಂದರು. ಕಾರ್ಡು ತೆಗೆದೆ. ತುಂಗಾ ಕುಲಕರ್ಣಿ. ವಯಸ್ಸು ಮೂವತ್ತಾರು. ಗಣಪತಿ ಗುಡಿ ಹತ್ತಿರ, ಹಿಟ್ಟಿನ ಗಿರಣಿಯ ಮೇಲೆ. ಗಂಡನ ಹೆಸರಿನ ಜಾಗದಲ್ಲಿ ನನ್ನದೇ ಅಕ್ಷರದಲ್ಲಿ “ರಾಯರು” ಎಂದಷ್ಟೇ ಇತ್ತು. ನೆನಪಾಯಿತು: ಆಕೆ ಬಂದಾಗ ಇಂದಿರಾಬಾಯಿ ಚಹಾ ನೋಡಲು ಹೋಗಿದ್ದರು. ಒಡಪು ಕೇಳಿದರೆ ಆಕೆ ತಲೆ ತಗ್ಗಿಸಿದ್ದಳು. ಕನಿಕರದಿಂದ ನಾನು ರಾಯರು ಎಂದು ಬರೆದುಕೊಂಡು ಮುಂದೆ ಕಳಿಸಿದ್ದೆ. ಕನಿಕರಕ್ಕಿಂತ ಅಪಾಯದ ಗುಣ ಗುಮಾಸ್ತನಿಗೆ ಇನ್ನೊಂದಿಲ್ಲ.

ಮೂರು ಭಾನುವಾರ ಹುಡುಕಿದೆ. ಗಣಪತಿ ಗುಡಿ ಇಲ್ಲದ ಓಣಿ, ಗಿರಣಿ ಇಲ್ಲದ ಗುಡಿ ಡೊಂಬಿವಲಿಯಲ್ಲಿ ಇರಲಿಲ್ಲ. ಸ್ಟೇಷನ್ನಿನಲ್ಲಿ “ಕುಲಕರ್ಣೀ” ಎಂದು ಕೂಗಿದರೆ ಅರ್ಧ ಪ್ಲಾಟ್‌ಫಾರ್ಮು ತಿರುಗಿ ನೋಡುವ ಊರು ಅದು. ಗಿರಣಿಗಳಲ್ಲಿ ನಿಂತು ನಿಂತು ನನ್ನ ತಲೆ ಬೆಳ್ಳಗಾಗುತ್ತಿತ್ತು. ಆಗ ಝಾಡಿಸಿದರೆ ಕಪ್ಪಾಗುತ್ತಿತ್ತು, ಈಗ ಆಗುವುದಿಲ್ಲ. ಇನ್ನೊಂದು ಕಷ್ಟ: ವಿಷಯ ಏನೆಂದು ಯಾರಿಗೂ ಹೇಳುವಂತಿಲ್ಲ. ಕಂಡವರ ಬಾಗಿಲಲ್ಲಿ ನಿಂತು ಮದುವೆಯಾಗದ ಹುಡುಗನೊಬ್ಬ “ತುಂಗಾಬಾಯಿ ಇದ್ದಾರೆಯೇ?” ಎಂದು ಕೇಳಿದರೆ ಏನಾಗುತ್ತದೆ? ಒಬ್ಬ ಕುಲಕರ್ಣಿಯವರು ಕೈಯಲ್ಲಿದ್ದ ಛತ್ರಿಯನ್ನು ತಿರುಗಿಸಿ ಹಿಡಿದು, ಏನು ಕೆಲಸ ಎಂದು ಮರಾಠಿಯಲ್ಲಿ ವಿಚಾರಿಸಿದರು. ನಾನು ಉತ್ತರವನ್ನು ಮೆಟ್ಟಿಲಿಳಿಯುತ್ತ ಕೊಟ್ಟೆ.

ಒಬ್ಬರು ಮಾತ್ರ ಸಜ್ಜನರು. ಗಿರಣಿಯೊಂದರ ಮೇಲಿನ ಮನೆಯ ದೇಶಪಾಂಡೆಯವರು, ಅಂಬರನಾಥದ ಕಾರ್ಖಾನೆಯೊಂದರಲ್ಲಿ ಕೆಲಸ. ನೀರು ಕೊಟ್ಟು ಕೂರಿಸಿ, ಯೋಚಿಸಿಯೇ ಹೇಳಿದರು. “ನಮ್ಮಲ್ಲೆ ತುಂಗಾ ಅಂತ ಯಾರೂ ಇಲ್ಲರಿ. ಈ ಮ್ಯಾಲೆ ಮೂರ ಮನಿ. ಒಂದು ಸಿಂಧಿ, ಒಂದು ಗುಜರಾತಿ, ಒಂದು ನಾವು. ತುಂಗಾನೂ ಇಲ್ಲ, ಭದ್ರಾನೂ ಇಲ್ಲ.” ಒಳಗೆ ರೊಟ್ಟಿ ತಟ್ಟುವ ಸದ್ದು ನಿಂತು, ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಶುರುವಾಯಿತು. ನಾನು ನಮಸ್ಕಾರ ಹೇಳಿ ಇಳಿದೆ.

ಡಾಕ್ಟರ್ ಬಾಯಿ ಬೈಯಲಿಲ್ಲ. “ಆಕೆ ಎಲ್ಲೋ ಅಡಿಗೆ ಮಾಡುತ್ತಿದ್ದಾಳೆ, ಆರಾಮಾಗಿದ್ದೇನೆ ಅಂದುಕೊಂಡಿದ್ದಾಳೆ” ಎಂದಷ್ಟೇ ಹೇಳಿದರು. ಬೈದಿದ್ದರೆ ಆ ದಿನ ನನಗೆ ಊಟ ಸೇರುತ್ತಿತ್ತು.

ಕೊನೆಗೆ ಇಂದಿರಾಬಾಯಿಯ ಮುಂದೆ ಕಾರ್ಡು ಇಟ್ಟು ಕುಳಿತೆ. ಅವರು ಅದನ್ನು ದೂರ ಹಿಡಿದು ಓದಿದರು. “ತುಂಗಾ ಕುಲಕರ್ಣಿ ಅಂತ ನಮ್ಮ ಮಂಡಳದಾಗ ಯಾರೂ ಇಲ್ಲ. ನೀವು ಹೆಂಗ ಕೇಳಿದ್ರಿ ಹೆಸರು?”

“ನೀವು ಹೇಳಿಕೊಟ್ಟ ಹಾಗೆಯೇ. ಅಕ್ಕಾರ, ಹೆಸರೇನ್ರಿ ಎಂದು.”

ಅವರು ನನ್ನನ್ನು ಎವೆಯಿಕ್ಕದೆ ನೋಡಿದರು. “ನಿಮ್ಮ ಕಡೆ ಮದುವಿಯಾದ್ರ ಹೆಣ್ಮಕ್ಕಳ ಹೆಸರು ಬದಲ ಮಾಡೂದಿಲ್ಲೇನು?”

“ನಮ್ಮ ಮನೆಗಳಲ್ಲಿ ಇಲ್ಲ.”

“ಅಯ್ಯ ನಮ್ಮಪ್ಪಾ! ನಮ್ಮಲ್ಲೆ ಗಂಡ ಅಕ್ಕಿಯೊಳಗ ಉಂಗುರಲೆ ಹೊಸಾ ಹೆಸರು ಬರೀತಾನ. ಮನಿತನದ ಹೆಸರೂ ಹೋಗ್ತದ, ಇಟ್ಟ ಹೆಸರೂ ಹೋಗ್ತದ. ನಾ ಇಂದಿರಾ ಆಗೂಕಿಂತ ಮೊದಲ ವೆಂಕೂಬಾಯಿ ಇದ್ದೆ. ಈ ಊರಾಗ ರೇಶನ್ನಿನಾವ, ಹಾಲಿನಾವ, ಸಾಲಿಯಾವರು ಎಲ್ಲಾರೂ ಮರಾಠಿಯೊಳಗ ಹೆಸರು ಕೇಳ್ತಾರ, ಆಕಿ ಹೊಸಾ ಹೆಸರು ಹೇಳ್ತಾಳ. ನೀವು ತವರಮನಿ ಭಾಷಾದಾಗ ಕೇಳಿದ್ರಿ. ಆಕಿ ಬಾಯಾಗ ತವರಮನಿ ಹೆಸರು ಬಂತು.”

ಮುಂದಿನ ಭಾನುವಾರ ಮತ್ತೆ ಅರಿಶಿನ-ಕುಂಕುಮ. ಈ ಸಲ ಗಂಡನ ಹೆಸರು ಬೇಡ, ತನ್ನ ಹಳೆಯ ಹೆಸರನ್ನು ಹೇಳಬೇಕು ಎಂದು ಇಂದಿರಾಬಾಯಿ ಫರ್ಮಾನು ಹೊರಡಿಸಿದರು. ನಾನು ಹೊರಗೆ ಚಪ್ಪಲಿಗಳ ಕಾವಲಿಗಿದ್ದೆ, ಎಲ್ಲ ಕೇಳಿಸುತ್ತಿತ್ತು. ಗೋದಾವರಿ, ಅಂಬಕ್ಕ, ಚಂಪೂ, ಕೃಷ್ಣಾ. ಒಬ್ಬ ಅಜ್ಜಿ “ತಡೀರೇ, ನೆನಪ ಮಾಡಿಕೊಳ್ತೇನಿ” ಎಂದಾಗ ನಗು ಛಾವಣಿಗೆ ಮುಟ್ಟಿತು. ನಲವತ್ತು-ಐವತ್ತರ ಗೃಹಿಣಿಯರ ದನಿ ಲಂಗ ತೊಟ್ಟವರ ದನಿಯಾಗಿತ್ತು. ಆ ಗದ್ದಲದ ನಡುವೆ ಒಂದು ಮೆಲುದನಿ: “ನಾ ತುಂಗಾ.”

ನಗು ನಿಲ್ಲಲಿಲ್ಲ, ಅವರಿಗೇನು ಗೊತ್ತು? ಇಂದಿರಾಬಾಯಿ ಆಕೆಯ ಕೈ ಹಿಡಿದು ವರಾಂಡಕ್ಕೆ ಕರೆತಂದರು. ಮಂಡಳದ ಪಟ್ಟಿಯಲ್ಲಿ ಆಕೆ ಸುನಂದಾ ದೇಶಪಾಂಡೆ. ನನ್ನನ್ನು ಕಂಡು ಕಣ್ಣು ತಗ್ಗಿಸಿದರು.

“ನೀವು ಮನಿಗೆ ಬಂದಾಗ ಒಳಗ ರೊಟ್ಟಿ ಬಡಿಯಾಕ ಹತ್ತಿದ್ದೆ. ಕೇಳಿಸ್ತು.”

“ಹಾಗಾದರೆ ಹೊರಗೆ ಯಾಕೆ ಬರಲಿಲ್ಲ, ಅಕ್ಕಾರ?”

“ಇಪ್ಪತ್ತು ವರ್ಷದ ಮ್ಯಾಲೆ ಯಾರೋ ಆ ಹೆಸರು ಹಿಡದು ಕೇಳ್ತಾರಂದ್ರ ಒಳ್ಳೇ ಸುದ್ದಿ ಇರಲಿಕ್ಕಿಲ್ಲ ಅಂತ ಅಂಜಿದೆ. ಇವರೂ ಇಲ್ಲ ಅಂದುಬಿಟ್ರು. ಇಲ್ಲ ಅಂದಮ್ಯಾಲೆ ಇಲ್ಲ ಅಂತ ಸುಮ್ಮನಾದೆ. ಈಗ ಇವರೆಲ್ಲಾ ನಗಲಿಕ್ಕೆ ಹತ್ತಿದ್ರು, ನನಗೂ ಒಮ್ಮೆ ಹೇಳಿಬಿಡೂಣು ಅನಿಸ್ತು.”

ನೆಂಟ ಇನ್ನೂ ಹೊಸ್ತಿಲಲ್ಲೇ ಇದ್ದ. ಗರ್ಭಕೋಶದ ಬಾಯಿಯಿಂದ ಒಂದು ಸಣ್ಣ ಚೂರನ್ನು ಕತ್ತರಿಸಿ ತೆಗೆದರು. ಅಂಚಿನವರೆಗೂ ಪರೀಕ್ಷಿಸಿ, ಇನ್ನೇನೂ ಬೇಡ ಎಂದು ಡಾಕ್ಟರ್ ಬಾಯಿ ಹೇಳಿದರು. ಶಸ್ತ್ರಕ್ರಿಯೆಯ ದಿನ ದೇಶಪಾಂಡೆಯವರು ನನ್ನ ಪಕ್ಕದ ಬೆಂಚಿನಲ್ಲಿ ಡಬ್ಬಿ ಹಿಡಿದು ಕೂತಿದ್ದರು. “ಲಗ್ನಪತ್ರಿಕಾದಾಗ ಓದಿದ್ದೆನ್ರೀ ಆ ಹೆಸರು. ನೀವು ಕೇಳಿದಾಗ ನೆನಪ ಬರಲಿಲ್ಲ. ಸುನಂದಾ ಅಂತ ಇಟ್ಟಾವ ನಾನ. ಯಾಕ ಇಟ್ಟೆ ಅಂತ ಈಗ ಹೇಳಲಿಕ್ಕೆ ಬರೂದಿಲ್ಲ” ಎಂದರು. ನಾನು ಡಬ್ಬಿಯಲ್ಲಿ ಏನಿದೆ ಎಂದು ಕೇಳಿದೆ. ಅವರಿಗೂ ಗೊತ್ತಿರಲಿಲ್ಲ. ತೆರೆದು ನೋಡಿದೆವು: ಖಾಲಿ. ಗಾಬರಿಯಲ್ಲಿ ತೊಳೆದ ಡಬ್ಬಿ ಎತ್ತಿಕೊಂಡು ಬಂದಿದ್ದರು. ಇಬ್ಬರೂ ಹೊರಗೆ ಹೋಗಿ ವಡಾ-ಪಾವ್ ತಿಂದೆವು.

ಇಷ್ಟಕ್ಕೇ ಮುಗಿಯಲಿಲ್ಲ. ಸ್ಲೈಡು ತುಂಗಾಳದು, ಚಿಕಿತ್ಸೆ ಸುನಂದಾಳಿಗೆ, ಇದೇನು ಎಂದು ಮೇಲಿನವರು ಆಕ್ಷೇಪ ತೆಗೆದರು. “ಈ ಇಬ್ಬರು ಮಹಿಳೆಯರೂ ಒಬ್ಬರೇ; ನಡುವೆ ಒಂದು ತಟ್ಟೆ ಅಕ್ಕಿ ಬಂದಿದೆ” ಎಂದು ನಾನು ಟೈಪು ಮಾಡಿಕೊಟ್ಟೆ. ಡಾಕ್ಟರ್ ಬಾಯಿ ಗಂಭೀರವಾಗಿ ಸಹಿ ಹಾಕಿ, ಅಂದಿನಿಂದ ಎಲ್ಲ ಕಾರ್ಡುಗಳಲ್ಲಿ “ತವರಿನ ಹೆಸರು” ಎಂಬ ಜಾಗವನ್ನೂ ಸೇರಿಸಿದರು. ವೈದ್ಯವಿಜ್ಞಾನಕ್ಕೆ ನನ್ನ ಕೊಡುಗೆ ಅದೊಂದೇ.

ಚಿಕಿತ್ಸೆಯಾದವರ ಸುದ್ದಿಯನ್ನು ವರ್ಷಕ್ಕೊಮ್ಮೆ ವಿಚಾರಿಸಿ ಬರೆದುಕೊಳ್ಳುವುದು ಸಂಶೋಧನೆಯ ಅರ್ಧ ಭಾಗ. ಯೋಜನೆ ಇರುವವರೆಗೆ ಹೋಗಿಬಂದೆ. ಆಮೇಲೆ ಅದು ಮುಗಿಯಿತು, ನಾನು ಬೇರೆ ಕೆಲಸ ಹಿಡಿದೆ, ಮದುವೆಯಾದೆ, ನೆರೂಳಿಗೆ ಬಂದೆ. ಬಿಟ್ಟೇಬಿಟ್ಟೆ.

ಲ್ಯಾಬಿನಿಂದ ಬಂದವನು ಆ ದಿನ ಉಪಾಹಾರವನ್ನೂ ಮುಟ್ಟದೆ ಡೊಂಬಿವಲಿಯ ಕನ್ನಡ ಸಂಘದ ಹಳೆಯ ಫೋನು ಪುಸ್ತಕ ಹುಡುಕಿದೆ. ನಂಬರು ಸಿಕ್ಕಿದ ಮೇಲೆ ಒತ್ತಲು ಧೈರ್ಯ ಸಾಲದೆ, ಕನ್ನಡಕ ಒರೆಸಿದೆ, ನೀರು ಕುಡಿದೆ. ಆಕೆಗೀಗ ಎಂಬತ್ತರ ಹತ್ತಿರ. ಏನು ಕೇಳಬೇಕಾಗುವುದೋ.

ಎತ್ತಿದವರದು ನಡುಗುವ ಗಂಡಸಿನ ದನಿ. “ದೇಶಪಾಂಡೆ ಮನಿ.”

“ಸುನಂದಾಬಾಯಿಯವರು ಇದ್ದಾರೇನ್ರಿ?”

“ಯಾರು? ಜೋರ ಮಾತಾಡ್ರಿ. ಸುನಂದಾ?” ನಾನು ಫೋನನ್ನು ಕಿವಿಗೆ ಒತ್ತಿ ಹಿಡಿದೆ. ಆಮೇಲೆ ಮುದುಕರು ಫೋನಿನಿಂದ ಬಾಯಿ ತಿರುಗಿಸಿ, ಗಿರಣಿಯ ಸದ್ದನ್ನೂ ಮೀರಿಸುವಂತೆ ಒಳಕ್ಕೆ ಕೂಗಿದರು: “ತುಂಗಾ! ಏ ತುಂಗಾ! ನಿನಗ ಫೋನ ಬಂದದ!”

ಚಪ್ಪಲಿ ಎಳೆಯುವ ಸದ್ದು, ಏದುಸಿರು. ನಾನು ಯಾರೆಂದು ಹೇಳಿದೆ. ಒಂದು ಕ್ಷಣ ಲೆಕ್ಕ ಹಾಕಿ ಆಕೆ ನಕ್ಕರು.

“ಎಷ್ಟ ವರ್ಷ ಬಿಟ್ಟೀರಿ ನೋಡ್ರಿ! ಇದ್ದೇನಿ ಅಂತ ಬರಕೊಳ್ರಿ.”

ಕೈಯಲ್ಲಿ ಪೆನ್ಸಿಲ್ ಇರಲಿಲ್ಲ. ಮೇಜಿನ ಮೇಲಿದ್ದ ಸಕ್ಕರೆ ಪರೀಕ್ಷೆಯ ರಸೀದಿಯ ಹಿಂದೆ, ಬಾಲ್ ಪೆನ್ನಿನಲ್ಲಿಯೇ, ತಾರೀಖು ಹಾಕಿ ಬರೆದುಕೊಂಡೆ.