ಹೊಟ್ಟೆ ತುಂಬಿದ ಇದ್ದಿಲು

ಸುಮಾ, ಬಸು, ನಿಮ್ಮ ಅಪ್ಪ ಇನ್ನೂ ಕನ್ನಡ ಶಾಲೆಯಲ್ಲಿದ್ದಾಗ ನಿಮ್ಮ ಅಜ್ಜನ ಕಾಲಿನ ಹುಣ್ಣು ಕೊಳೆತು ನಾರುತ್ತಿತ್ತು. ಮಾತಾಡಿಸಲು ಬಂದವರೆಲ್ಲ ಬಾಗಿಲಲ್ಲೇ ನಿಂತು ಹೋಗುತ್ತಿದ್ದರು. ಅಜ್ಜ ಗೋಡೆಗೆ ಮುಖ ಮಾಡಿ ಮಲಗುತ್ತಿದ್ದರು. ಇದ್ದಿಲು ಮಾರಲು ಬಂದ ಹೆಣ್ಣುಮಗಳೊಬ್ಬಳು ಅದನ್ನು ಕಂಡು, ಮಂಚದ ಕೆಳಗೆ ಒಂದು ಬುಟ್ಟಿ ಇದ್ದಿಲು ಇಟ್ಟಳು. ಎರಡು ದಿನದಲ್ಲಿ ನಾತ ತಗ್ಗಿತು. ಜನ ಒಳಗೆ ಬಂದು ಕೂತರು.

ಆಕೆ ವಾರಕ್ಕೊಮ್ಮೆ ಬಂದು ಒಂದು ತುಂಡು ಮೂಗಿಗೆ ಹಿಡಿದು, "ಇದರ ಹೊಟ್ಟಿ ತುಂಬೇತ್ರಿ ಅಕ್ಕಾರ," ಎಂದು ಹಳೆಯದನ್ನು ಒಯ್ದು ಬೇರೆ ಬುಟ್ಟಿ ಇಡುತ್ತಿದ್ದಳು. ಬೆಲೆಯಾಗಿ ಉಡಿಯಲ್ಲಿ ಜೋಳ ಹಾಕಿಸಿಕೊಳ್ಳುತ್ತಿದ್ದಳು.

ಒಂದು ಸಲ ಹೊಸ ಬುಟ್ಟಿಯಲ್ಲಿ, ಆಕೆ ಹಿಂದೆ ಒಯ್ದಿದ್ದ, ನನಗೆ ಗುರುತಿದ್ದ ಕವಲು ತುಂಡು ಕಂಡಿತು. ನೆರೆಯವರ ಮುಂದೆಯೇ, "ನಮ್ಮ ಇದ್ದಲಿ ನಮಗ ಮಾರ್ತಿಯೇನ, ಕಳ್ಳಿ?" ಅಂದೆ.

"ಅದ ಇದ್ದಲಿರಿ. ಮುಚ್ಚಿದ ಗಡಿಗ್ಯಾಗ ಕಾಸಿ, ಹೀರಿದ್ದ ನಾತ ಬಿಡಿಸಿ ತಂದೇನ್ರಿ."

"ಇದ್ದಲಿಗೆಲ್ಲಿ ಹೊಟ್ಟಿ ಬೇ!" ಎಂದು ನಕ್ಕೆ. ಎಲ್ಲರೂ ನಕ್ಕರು. ಆಕೆ ಜೋಳ ಮುಟ್ಟದೆ, ಬುಟ್ಟಿ ಇಟ್ಟು ಹೋದಳು. ಮತ್ತೆ ಬರಲಿಲ್ಲ.

ಹತ್ತು ದಿನಕ್ಕೆ ನಾತ ಮರಳಿತು. ಇದ್ದಿಲು ಮಾತ್ರ ನೋಡಲು ಹಾಗೇ ಇತ್ತು. ನಾನೇ ಗಡಿಗೆಯಲ್ಲಿ ಕಾಸಿದೆ. ಮುಚ್ಚಳ ತೆಗೆದಾಗ ಹೊಮ್ಮಿದ್ದು ಅದೇ ಹುಣ್ಣಿನ ನಾತ.

ಆಮೇಲೆ ದುಮ್ಮವಾಡದ ಸಂತೆಯಲ್ಲಿ ಆಕೆಯನ್ನು ಕಂಡೆ. ತಪ್ಪಾಯಿತು ಅನ್ನಬೇಕಿತ್ತು, ಸೆರಗು ಮುಂದೆಳೆದುಕೊಂಡು ಹಿಂದಿರುಗಿದೆ. ಈ ಹಾಳೆಗಳನ್ನು ಜೋಪಾನವಾಗಿಡಿ ಮಕ್ಕಳೇ. ಬಾಯಿಂದ ಬಾರದ್ದನ್ನು ಇಲ್ಲಿ ಬರೆದಿದ್ದೇನೆ.