ಹಿತ್ತಲ ಕೋಣೆಯ ದೆವ್ವ

ನಮ್ಮ ಮನೆಯ ಹಿತ್ತಲ ಕೋಣೆಯಲ್ಲಿ ದೆವ್ವವಿದೆ ಎಂದು ಊರಿಗೆಲ್ಲ ಹಬ್ಬಿಸಿದವಳು ನಾನೇ. ಇಟ್ಟಿಗಿ ಊರಿನ ಅಂಗನವಾಡಿಯಲ್ಲಿ ಇಪ್ಪತ್ತೆಂಟು ವರ್ಷ ಮಕ್ಕಳಿಗೆ ದೆವ್ವಗಿವ್ವ ಎಲ್ಲ ಸುಳ್ಳು ಎಂದು ಹೇಳಿಕೊಟ್ಟ ಮಂಜಮ್ಮ ಟೀಚರು ನಾನು. ಪಡಸಾಲೆಯ ಗೋಡೆಯ ಮೇಲೆ ಬುದ್ಧನ ಫೋಟೊ ಬೇರೆ. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ.

ಮೊಮ್ಮಗು ಕ್ರಾಂತಿಗೆ ಈಗ ಹನ್ನೆರಡು. ನನ್ನ ಮಗ ಇಟ್ಟ ಹೆಸರು ಕ್ರಾಂತಿಕುಮಾರ್. ಹೋದ ವರ್ಷ ಅದು ನೋಟುಬುಕ್ಕಿನ ಮೇಲಿದ್ದ ‘ಕುಮಾರ್’ ಎಲ್ಲ ಗೀಚಿ ಹಾಕಿ, “ನಾ ಹುಡುಗಾನೂ ಅಲ್ಲ, ಹುಡುಗೀನೂ ಅಲ್ಲ ಅಜ್ಜಿ. ಬರೇ ಕ್ರಾಂತಿ,” ಎಂದಿತು. ವಯಸ್ಸಿನ ಹುಚ್ಚು ಎಂದು ಸುಮ್ಮನಾದೆ. ಸಂತೆಯಿಂದ ನಾಲ್ಕು ಹಸಿರು ಬಳೆ ತಂದು, ಶಾಲೆ ಅಂಗಿಯ ತೋಳಿನೊಳಗೆ ಬಚ್ಚಿಟ್ಟುಕೊಂಡು ಓಡಾಡತೊಡಗಿದಾಗ ಮಾತ್ರ ನನಗೆ ಹಳೆಯದೆಲ್ಲ ನೆನಪಾಯಿತು. ಒಂದು ಬೆಳಿಗ್ಗೆ ಆ ಬಳೆಗಳು ಕಾಣೆಯಾದವು.

ಕ್ರಾಂತಿ ಅಳಲಿಲ್ಲ. ಪತ್ತೇದಾರಿಕೆಗೆ ಇಳಿಯಿತು.

“ಮಂಗಳವಾರ ಮಧ್ಯಾಹ್ನ ಹಿತ್ತಲ ಕ್ವಾಣ್ಯಾಗ ಟುಂಯ್ ಟುಂಯ್ ಅಂತೈತಿ. ನನ್ನ ಬಳೆ ಆ ದೆವ್ವನೇ ಒಯ್ದಿರಬೇಕು. ಆದ್ರ ಬುದ್ಧನ ಮನ್ಯಾಗ ದೆವ್ವ ಯಾಕಿರತೈತಿ ಅಜ್ಜಿ?”

“ಬಾಯ್ಮುಚ್ಚು. ಅತ್ತ ಹೋದ್ರ ಕಾಲು ಮುರೀತೀನಿ.”

ಆ ಸದ್ದು ನನಗೂ ಕೇಳುತ್ತಿತ್ತು. ನಾನು ಕಟ್ಟಿದ ಸುಳ್ಳಿಗೆ ನಾನೇ ಹೆದರಿ ಮಂಗಳವಾರ ಹಿತ್ತಲಿಗೆ ಕಾಲಿಡುತ್ತಿರಲಿಲ್ಲ.

ಅದು ನನ್ನ ಮೈದುನ ಪಕ್ಕೀರಪ್ಪನ ಕೋಣೆ. ಮೂವತ್ತು ವರ್ಷದ ಹಿಂದೆ ಅವನು ಸೀರೆ ಉಟ್ಟು, ಒಂಟಿ ತಂತಿಯ ಚೌಡಿಕೆ ಹಿಡಿದು, ದೇವಿಗೆ ಮುಡಿಪಾಗಿ ಹಾಡಿ ಬೇಡುವ ಜೋಗಪ್ಪನಾಗುತ್ತೇನೆಂದ. ಇಂಥ ಮೂಢನಂಬಿಕೆ ನಮ್ಮ ಮನೆಯಲ್ಲಿ ನಡೆಯದು ಎಂದು ನಾನು ಭಾಷಣ ಬಿಗಿದೆ. ಅದೆಲ್ಲ ಬರೀ ನೆಪ. ನಾನು ಹೆದರಿದ್ದು ಊರವರ ನಗೆಗೆ. ಉಟ್ಟ ಸೀರೆ ಬಿಚ್ಚಿಸಿ, ಚೌಡಿಕೆ ಕಸಿದು, ಲುಂಗಿ ಕೊಟ್ಟು ಹೊರಗೆ ಕಳಿಸಿದೆ. ಹೊಸಪೇಟೆಯಲ್ಲಿ ತೀರಿಕೊಂಡನೆಂಬ ಸುದ್ದಿ ಬಂದಾಗಲೂ ಹೋಗಲಿಲ್ಲ. ಸೀರೆಯನ್ನು ಟ್ರಂಕಿಗೆ ಹಾಕಿ ಬೀಗ ಜಡಿದೆ. ಯಾರೂ ಅತ್ತ ಸುಳಿಯಬಾರದೆಂದು ದೆವ್ವದ ಕಥೆ ಹುಟ್ಟಿಸಿದೆ.

ಮುಂದಿನ ಮಂಗಳವಾರ ಕ್ರಾಂತಿ ಕೋಣೆಯ ಹಿಂಬಾಗಿಲಿನ ಮುಂದೆ ಜೋಳದ ಹಿಟ್ಟು ಚೆಲ್ಲಿ, ಮನೆಯೊಳಗೆ ಬಂದು ಕಾಯುತ್ತ ಕೂತಿತು. ಸದ್ದು ಶುರುವಾದದ್ದೇ ನನ್ನನ್ನು ದರದರ ಎಳೆದುಕೊಂಡು ಹೋಯಿತು. ಹಿಟ್ಟಿನಲ್ಲಿ ಹೆಜ್ಜೆ ಮೂಡಿತ್ತು. ಬಲಗಾಲಿಗೆ ಕಿರುಬೆರಳಿಲ್ಲ. ಅದು ನನ್ನ ಗಂಡ ಭೀಮರಾಜರ ಕಾಲು.

ಬಾಗಿಲು ದೂಡಿದರೆ, ಅವರು ತಮ್ಮನ ಚೌಡಿಕೆಯನ್ನು ಕಂಕುಳಲ್ಲಿ ಅವುಚಿಕೊಂಡು ನೆಲದ ಮೇಲೆ ಕೂತಿದ್ದರು. ಕಣ್ಣು ತುಂಬಿತ್ತು. “ವಾರಕ್ಕೊಮ್ಮೆ ಬರ್ತೀನಿ. ನಿನಗ ಹೇಳಾಕ ಧೈರ್ಯ ಆಗಲಿಲ್ಲ,” ಎಂದರು.

ಕ್ರಾಂತಿ ಮೂಲೆಯ ಟ್ರಂಕನ್ನು ತೋರಿಸಿತು. “ಅಜ್ಜಾ, ಇದನ್ನ ತೆಗಿ. ನನ್ನ ಬಳೆ ಇದರಾಗ ಇರಬೌದು.”

“ಅದರ ಚಾವಿ ನಿಮ್ಮಜ್ಜಿ ಸೊಂಟದಾಗ ಬಿಟ್ರ ಎಲ್ಲೂ ಇಲ್ಲ.”

ಇಬ್ಬರೂ ನನ್ನ ಕಡೆ ನೋಡಿದರು. ಚಾವಿ ಕೊಡದೆ ಗತಿಯಿರಲಿಲ್ಲ. ಪಕ್ಕೀರಪ್ಪನ ಸೀರೆಯ ಮಡಿಕೆಯ ಮೇಲೆ, ನಾನು ಇಟ್ಟ ಹಾಗೇ, ನಾಲ್ಕು ಹಸಿರು ಬಳೆಗಳಿದ್ದವು.

“ದೆವ್ವ ಸಿಕ್ತಜ್ಜಾ,” ಎಂದಿತು ಕ್ರಾಂತಿ, ಬಳೆಗಳನ್ನು ಎತ್ತಿಕೊಂಡು, ನನ್ನ ಮುಖದಿಂದ ಕಣ್ಣು ತೆಗೆಯದೆ. ಆಮೇಲೆ ಸಣ್ಣ ದನಿಯಲ್ಲಿ ಕೇಳಿತು: “ನನ್ನೂ ಲುಂಗಿ ಕೊಟ್ಟು ಕಳಿಸ್ತೀಯೇನಜ್ಜಿ?”

ಆ ಕಥೆ ಅದಕ್ಕೆ ಗೊತ್ತಿತ್ತು. ಊರಿಗೆಲ್ಲ ಗೊತ್ತಿತ್ತಂತೆ.

“ಇಲ್ಲ ಕೂಸೇ. ತಾ ಇಲ್ಲಿ, ನಾ ತೊಡಸ್ತೀನಿ,” ಎಂದು ಬಳೆಗೆ ಕೈ ಚಾಚಿದೆ.

ಕ್ರಾಂತಿ ಕೊಡಲಿಲ್ಲ. ಅಜ್ಜನ ಪಕ್ಕ ಕೂತು, ನಾಲ್ಕನ್ನೂ ತಾನೇ ಏರಿಸಿಕೊಂಡಿತು.