ಅವ್ವನ ಇಳಕಲ್ ಸೀರೆ, ಕರುಣಮ್ಮ ಟೀಚರ್ ಮೊಮ್ಮಗಳಿಗೆ ಕೌದಿ

ವೇದಿಕೆ ಮೇಲಿನ ಗಣ್ಯರೇ, ಮುಂದಿನ ಸಾಲಿನ ಮಾನ್ಯರೇ, ಮೊಬೈಲ್ ಹಿಡಿದು ಮಲಗಿರುವ ಧನ್ಯರೇ...

ಕ್ರಿಸ್ಮಸ್‌ಗೆ ದುಡ್ಡು ಸುರಿಯದೆ, ಮನೆಯಲ್ಲೇ ಮಾಡಿದ ಸರಳ ಉಡುಗೊರೆ ಕೊಡುವುದು ಹೇಗೆ ಎಂಬ ಗಂಭೀರ ವಿಷಯದ ಮೇಲೆ ಎರಡು ಮಾತಾಡಲು ಶಹಾಪುರದ ನಮ್ಮ ಮನೆ ಕಟ್ಟೆ ಮೇಲೆ ನಿಂತಿದ್ದೇನೆ.

ಮೊದಲ ಮಾತು: ಮಾಡಬೇಡಿ. ಎರಡನೇ ಮಾತು: ಮಾಡಿದರೂ ಅಕ್ಕಂದಿರಿಗೆ ಹೇಳಬೇಡಿ.

ಎದುರು ಮನೆ ಕರುಣಮ್ಮ ಟೀಚರ್‌ಗೆ ಮೊಮ್ಮಗಳು ಹುಟ್ಟಿದ್ದಾಳೆ. ಕೂಸಿನ ಮೊದಲ ಕ್ರಿಸ್ಮಸ್. ನಮ್ಮವ್ವ ಹಾಸಿಗೆ ಹಿಡಿದಾಗ ದಿನಾ ಸಾಲಿ ಬಿಟ್ಟ ಮೇಲೆ ಬಂದು, ಪಕ್ಕದಲ್ಲಿ ಕೂತು ಗಂಜಿ ಕುಡಿಸಿ ಹೋದವರು ಅವರು. ಬರಿಗೈಲಿ ಹೋಗೋದು ಹೆಂಗ?

ಕೌದಿ ಕೊಡೋಣ ಅಂತ ಹೆಂಡತಿಗೆ ಹೇಳಿದೆ. (ಕೌದಿ ಗೊತ್ತಿಲ್ಲದ ಕಡೆಯ ಗೆಳೆಯರಿಗಾಗಿ: ಹಳೆ ಸೀರೆ ಪದರ ಪದರ ಹಾಸಿ, ಮೇಲೆ ಬಣ್ಣದ ತುಂಡು ಹಚ್ಚಿ, ಕೈಯಲ್ಲೇ ಹೊಲಿಯುವ ಹೊದಿಕೆ.)

ಸೀರೆ ಹಳೆಯದು, ಕೂಸು ಹೊಸದು, ಕಿಸೆಯ ನೋಟು ಕಿಸೆಯಲ್ಲೇ ಉಳಿವುದು!

ಪ್ರಾಸ ಕೂಡಿತು. ಅಲ್ಲಿಗೆ ನನ್ನ ಸುಖ ಮುಗಿಯಿತು.

ಯಾಕಂದರೆ ನಮ್ಮ ಟ್ರಂಕಿನಲ್ಲಿ ಅವ್ವನ ಇಳಕಲ್ ಸೀರೆ ಇತ್ತು. ಅವ್ವ ಹೋದ ಮೇಲೆ ಅದು ತನಗೇ ಬರಬೇಕು ಅಂತ ಸುರಪುರದ ದೊಡ್ಡಕ್ಕ, ಇಲ್ಲ ತನಗೇ ಅಂತ ಕೊಂಕಲ್‌ನ ಸಣ್ಣಕ್ಕ. ಅವ್ವ ನನಗೇ ಕೊಡ್ತೀನಿ ಅಂದಿದ್ದಳು ಅಂತ ಇಬ್ಬರದೂ ಆಣೆ. ಅವ್ವನ ಸ್ವಭಾವ ಬಲ್ಲ ನಾನು ಹೇಳುವುದಾದರೆ, ಇಬ್ಬರೂ ಸುಳ್ಳು ಹೇಳುತ್ತಿಲ್ಲ.

ಅಂದಿನಿಂದ ಇಬ್ಬರಿಗೂ ಮಾತಿಲ್ಲ. ಒಬ್ಬಳು ಬರುತ್ತಾಳೆ ಅಂದರೆ ಇನ್ನೊಬ್ಬಳು ನಮ್ಮ ಮನೆಗೆ ಕಾಲಿಡುವುದಿಲ್ಲ. ಮದುವೆಗೆ ಹೋದರೆ ಹಂದರದ ಆ ತುದಿಗೊಬ್ಬಳು, ಈ ತುದಿಗೊಬ್ಬಳು. ನಡುವೆ ಓಡಾಡುವ ಪೋಸ್ಟ್‌ಮನ್ ನಾನು. "ಆಕಿಗಿ ಹೇಳು" ಅನ್ನೋದು ಕೇಳಿ ಕೇಳಿ ಕಿವಿ ಸವೆದಿವೆ.

ಸೀರೆ ಮಾತ್ರ ಟ್ರಂಕಿನಲ್ಲಿ ಹಾಯಾಗಿ ಮಲಗಿತ್ತು.

ಮನೆಯವರ ವಾಟ್ಸಾಪ್ ಗ್ರೂಪಿನಲ್ಲಿ ಒಂದು ಸಾಲು ಹಾಕಿದೆ... ಕರುಣಮ್ಮ ಟೀಚರ್ ಮೊಮ್ಮಗಳಿಗೆ ಕೌದಿ ಹೊಲಿಯುತ್ತಿದ್ದೇವೆ, ಅವ್ವನ ಸೀರೆಯೂ ಅದರಲ್ಲಿ ಹೋಗುತ್ತದೆ ಅಂತ.

ದೊಡ್ಡಕ್ಕ ಫೋನ್ ಮಾಡಿ, ಕತ್ತರಿ ಮುಟ್ಟಿದರೆ ಕೈ ಮುರಿಯುವುದಾಗಿ ತಿಳಿಸಿದಳು. ಸಣ್ಣಕ್ಕ ಫೋನೇ ಮಾಡಲಿಲ್ಲ. ಅದು ಇನ್ನೂ ಕೆಟ್ಟದ್ದು.

ಮರುದಿನ ಸುರಪುರದ ಬಸ್ಸೂ ಬಂತು, ಕೊಂಕಲ್ ಕಡೆಯ ಬಸ್ಸೂ ಬಂತು. ಇಬ್ಬರೂ ನಮ್ಮ ಬಾಗಿಲಲ್ಲೇ ಎದುರಾದರು. ಒಬ್ಬರ ಮುಖ ಒಬ್ಬರು ನೋಡಲಿಲ್ಲ, ಇಬ್ಬರೂ ನನ್ನನ್ನೇ ನೋಡಿದರು. ಹೆಂಡತಿ ಚಹಾ ಇಡುವ ನೆಪದಲ್ಲಿ ಒಳಗೆ ಹೋದವಳು ಬಹಳ ಹೊತ್ತು ಈಚೆ ಬರಲಿಲ್ಲ. ಜಾಣೆ.

ಅವರು ಬರುವಷ್ಟರಲ್ಲಿ ಸೀರೆ ತುಂಡಾಗಿತ್ತು.

ದೊಡ್ಡಕ್ಕ ಕೆಂಪು ಸೆರಗಿನ ಒಂದು ತುಂಡು ಎತ್ತಿ ತೊಡೆ ಮೇಲಿಟ್ಟುಕೊಂಡಳು. ಸಣ್ಣಕ್ಕ ಇನ್ನೊಂದು ತುಂಡು ಮೂಗಿಗೆ ಹಿಡಿದಳು. ಅದನ್ನು ನೋಡಿ ನನಗೆ ಬೈಗುಳವೇ ವಾಸಿ ಅನ್ನಿಸಿತು.

"ಬ್ಯಾರೆ ಯಾರಿಗರ ಆಗಿದ್ರ ನಿನ್ನ ಇಲ್ಲೇ ಹೂಳತಿದ್ದೆ. ಕರುಣಕ್ಕಗ ಏನಂತ ಬ್ಯಾಡ ಅನ್ನೂದು," ಅಂದಳು ದೊಡ್ಡಕ್ಕ, ನನಗೆ.

ಸಣ್ಣಕ್ಕ ಹೆಂಡತಿ ಹಾಕಿದ್ದ ಹೊಲಿಗೆ ನೋಡಿದಳು. ಇದನ್ನು ಯಾರು ಹಾಕಿದ್ದು ಅಂತ ಕೇಳಿ, ಉತ್ತರಕ್ಕೆ ಕಾಯದೆ ಎಲ್ಲಾ ಬಿಚ್ಚಿದಳು.

ಸಂಜೆ ಬಸ್ಸಿಗೆ ಹೊರಡಬೇಕಾದವರು ಹೊರಡಲಿಲ್ಲ. ಪ್ರೀತಿಯಿಂದಲ್ಲ ಮತ್ತೆ! ತಾನು ಹೋದರೆ ಇನ್ನೊಬ್ಬಳು ಸೆರಗು ಎತ್ತಿಕೊಂಡು ಹೋದಾಳು ಎಂಬ ಗುಮಾನಿ, ಇಬ್ಬರಿಗೂ.

ಅಲ್ಲಿಂದ ಶುರುವಾಯಿತು ನನ್ನ ಪುಕ್ಕಟೆ ಉಡುಗೊರೆಯ ಖರ್ಚು. ಈ ದಾರ ಬೇಡ, ಆ ದಾರ ತಾ. ಈ ಸೂಜಿ ಮೊಂಡು, ಬೇರೆ ತಾ. ಒಬ್ಬಳಿಗೆ ಸಜ್ಜೆ ರೊಟ್ಟಿ, ಒಬ್ಬಳಿಗೆ ಜೋಳದ್ದು. ಕೌದಿಯ ಹೊಟ್ಟೆ ಖಾಲಿ ಇರಬಾರದು ಅಂತ ಮುಚ್ಚುವ ಮುಂಚೆ ನಡುವೆ ಹೋಳಿಗೆ ಚೂರು ಇಟ್ಟು ಹೊಲಿಯುವುದು ನಮ್ಮ ಕಡೆಯ ಪದ್ಧತಿ. ಅದಕ್ಕೆ ಚೂರು ಸಾಕು. ಅಕ್ಕಂದಿರಿಗೆ ಬುಟ್ಟಿ ತುಂಬ ಬೇಕಾಯಿತು.

ಕಿಸೆಯ ನೋಟು ಕಿರಾಣಿಗೆ, ಮನೆಯ ಯಜಮಾನ ಜಗುಲಿಗೆ.

ಕೌದಿಯನ್ನು ಅಂಚಿನಿಂದ ನಡುವಿಗೆ ಹೊಲಿಯುತ್ತಾ ಬರುತ್ತಾರೆ. ಆ ಅಂಚಿಗೆ ದೊಡ್ಡಕ್ಕ, ಈ ಅಂಚಿಗೆ ಸಣ್ಣಕ್ಕ. ಕೂಸಿನ ಕೌದಿ, ಎಷ್ಟು ದೊಡ್ಡದಿದ್ದೀತು? ಹೊಲಿಯುತ್ತ ಹೊಲಿಯುತ್ತ ಮೊಣಕಾಲಿಗೆ ಮೊಣಕಾಲು ತಾಗಿತು.

"ನಿನ್ನ ಟಾಕಾ ಸೊಟ್ಟ ಹೊಂಟೈತಿ," ಅಂದಳು ಸಣ್ಣಕ್ಕ. ನನಗಲ್ಲ.

"ನಿನ್ನ ಬಾಯಿಗಿಂತ ನೆಟ್ಟಗೈತಿ ಬಿಡು," ಅಂದಳು ದೊಡ್ಡಕ್ಕ. ಅದೂ ನನಗಲ್ಲ.

ಅವ್ವ ಹೋದ ಮೇಲೆ ಅವರು ಒಬ್ಬರಿಗೊಬ್ಬರು ಆಡಿದ ಮೊದಲ ಮಾತುಗಳು ಇವು. ನಾನು ಜಗುಲಿ ಮೇಲೆ ಪೇಪರ್ ತಲೆಕೆಳಗಾಗಿ ಹಿಡಿದು ಕೂತಿದ್ದೆ.

ಕ್ರಿಸ್ಮಸ್ ದಿನ ಕೌದಿ ಒಯ್ದೆವು. ಕರುಣಮ್ಮ ಟೀಚರ್ ಕೆಂಪು ಸೆರಗಿನ ಮೇಲೆ ಕೈ ಆಡಿಸಿ, ಇದು ನಿಮ್ಮವ್ವನದಲ್ಲವೇ ಅಂದರು. ಆಮೇಲೆ ಕೂಸಿಗೆ ಹೊದಿಸಿದರು. ಸೆರಗಿನ ಬದಿ ತಲೆ ಕಡೆ ಬರಬೇಕೋ ಕಾಲ ಕಡೆಗೋ ಅಂತ ಅಕ್ಕಂದಿರು ಅಲ್ಲೇ ಶುರು ಹಚ್ಚಿಕೊಂಡರು. ಕೂಸು ಅಳುವವರೆಗೂ ನಿಲ್ಲಿಸಲಿಲ್ಲ. ವಾಪಸ್ ಬರುವಾಗ ದಾರಿಯುದ್ದಕ್ಕೂ ಅದೇ. ಈಗ ದಿನಾ ಫೋನಿನಲ್ಲೂ ಜಗಳ, ನೇರವಾಗಿ. ನನ್ನ ಪೋಸ್ಟ್‌ಮನ್ ನೌಕರಿ ಹೋಯಿತು.

ನಿಜ ಹೇಳಿಬಿಡುತ್ತೇನೆ. ಕೂಸಿಗೆ ಬ್ಲಾಂಕೆಟ್ ನಾನು ಮೊದಲೇ ಯಾದಗಿರಿಯಿಂದ ತಂದಿಟ್ಟಿದ್ದೆ... ಆ ಸೀರೆ ಮನೆ ಬಿಟ್ಟು ಹೋಗಬೇಕಿತ್ತು, ಅಕ್ಕಂದಿರು ಮನೆಗೆ ಬರಬೇಕಿತ್ತು, ಅಷ್ಟೇ.